ಒಂದು ಭಕ್ತಿ ಪುಸ್ತಕ, ಜೊತೆಗೊಂದು ಪತ್ತೇದಾರಿ ಕಾದಂಬರಿ

ಏನು ಓದಲಿ ಅಂತ ಯಾರಾದರೂ ಕೇಳಿದರೆ ಈಗ ನಾನು ಎರಡು ಪುಸ್ತಕ ಹೇಳುತ್ತೇನೆ. ಬೆಳಿಗ್ಗೆಗೆ ಒಂದು ಕ್ರೈಸ್ತ ಭಕ್ತಿ ಪುಸ್ತಕ, ರಾತ್ರಿಗೆ ಹಳೆಯ ಕಾಲದಲ್ಲಿ ನಡೆಯುವ ಒಂದು ಪತ್ತೇದಾರಿ ಕಾದಂಬರಿ. ಇದನ್ನು ನಾನು ಕಲಿತಿದ್ದು ಒಂದು ತಪ್ಪಿನಿಂದ.

ತಾಯಿಯನ್ನು ಕಳೆದುಕೊಂಡ ಗೆಳತಿಗೆ ಥಾಮಸ್ ಅ ಕೆಂಪಿಸ್ ಅವರ ‘ದಿ ಇಮಿಟೇಷನ್ ಆಫ್ ಕ್ರೈಸ್ಟ್’ ಕೊಟ್ಟಿದ್ದೆ. 15ನೇ ಶತಮಾನದ ಪುಸ್ತಕ, ನನಗೆ ತುಂಬಾ ಇಷ್ಟ. ಆದರೆ ಅದರ ಮಾತು ಮಠದಲ್ಲಿ ಬದುಕುವವರ ಮಾತು, ಬಹಳ ಬಿಗಿ. ಮೊದಲ ಭಾಗದ 23ನೇ ಅಧ್ಯಾಯವಂತೂ ಪೂರ್ತಿ ಸಾವಿನ ಬಗ್ಗೆಯೇ. ‘ಓದಿದರೆ ಯಾರೋ ಗದರಿಸಿದ ಹಾಗಾಗುತ್ತೆ’ ಎಂದು ಅವಳು ವಾಪಸ್ ಕೊಟ್ಟಳು. ನನಗೆ ಇಷ್ಟವಾದದ್ದನ್ನು ಕೊಟ್ಟಿದ್ದೆನೇ ಹೊರತು ಅವಳ ಸ್ಥಿತಿ ಹೇಗಿದೆ ಎಂದು ನೋಡಿರಲಿಲ್ಲ.

ಆಮೇಲೆ ಬ್ರದರ್ ಲಾರೆನ್ಸ್ ಅವರ ‘ದಿ ಪ್ರಾಕ್ಟಿಸ್ ಆಫ್ ದಿ ಪ್ರೆಸೆನ್ಸ್ ಆಫ್ ಗಾಡ್’ ಕೊಟ್ಟೆ. ತೆಳ್ಳನೆಯ ಪುಸ್ತಕ. ಯುದ್ಧದಲ್ಲಿ ಗಾಯಗೊಂಡ ಸೈನಿಕ, ಪ್ಯಾರಿಸ್‌ನ ಮಠದಲ್ಲಿ ಅಡುಗೆಮನೆ ಕೆಲಸಕ್ಕೆ ನಿಂತವರು. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮಾತು, ಪತ್ರಗಳನ್ನು ಸೇರಿಸಿ ಪುಸ್ತಕ ಮಾಡಿದರು. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆ ಇರಬಹುದು ಅನ್ನುತ್ತಾರೆ. ದಿನಕ್ಕೆ ಒಂದೇ ಪುಟ ಸಾಕು ಅಂದೆ. ಅದು ಅವಳಿಗೆ ಹಿಡಿಸಿತು.

ಆದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಗ ಎಲ್ಲಿಸ್ ಪೀಟರ್ಸ್ ಅವರ ಕ್ಯಾಡ್‌ಫೆಲ್ ಕಾದಂಬರಿ ಕೊಟ್ಟೆ. ಈ ಸರಣಿ 1977ರಲ್ಲಿ ಶುರುವಾಯಿತು, ಒಟ್ಟು 20 ಕಾದಂಬರಿಗಳು. 12ನೇ ಶತಮಾನದ ಇಂಗ್ಲೆಂಡ್, ಶ್ರೂಸ್‌ಬರಿಯ ಮಠ. ಹಿಂದೆ ಕ್ರುಸೇಡ್ ಯುದ್ಧಕ್ಕೆ ಹೋಗಿಬಂದ ಸನ್ಯಾಸಿ ಕ್ಯಾಡ್‌ಫೆಲ್ ಈಗ ಗಿಡಮೂಲಿಕೆ ಬೆಳೆಯುತ್ತಾನೆ, ಕೊಲೆಯ ಗುಟ್ಟು ಬಿಡಿಸುತ್ತಾನೆ. ಮೊದಲ ಕಥೆಯಲ್ಲಿ ಸಂತ ವಿನಿಫ್ರೆಡ್‌ಳ ಮೂಳೆಗಳನ್ನು ವೇಲ್ಸ್‌ನಿಂದ ತರಲು ಹೊರಡುತ್ತಾರಲ್ವಾ, ಅದು 1138ರಲ್ಲಿ ನಿಜವಾಗಿಯೂ ನಡೆದದ್ದು. ಕೊಲೆ ಇದ್ದರೂ ಕಥೆಯಲ್ಲಿ ಕರುಣೆ ಜಾಸ್ತಿ. ದುಃಖದಲ್ಲಿರುವವರಿಗೆ ನಾನು ಇದನ್ನೇ ಮೊದಲು ಕೊಡುತ್ತೇನೆ. ಸಿ. ಜೆ. ಸ್ಯಾನ್ಸಮ್ ಅವರ ‘ಡಿಸೊಲ್ಯೂಷನ್’ ಕೂಡ ಒಳ್ಳೆಯದೇ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸುತ್ತಿದ್ದ 1537ರ ಕಥೆ. ಆದರೆ ಅದರಲ್ಲಿ ಕತ್ತಲೆ ಹೆಚ್ಚು, ಮನಸ್ಸು ಗಟ್ಟಿಯಿದ್ದಾಗ ಓದಬೇಕು.

ಎರಡು ವಾರದ ಮೇಲೆ ಅವಳೇ ಕೇಳಿದಳು: ‘ಕ್ಯಾಡ್‌ಫೆಲ್ ಇರೋ ಆ ಮಠದಲ್ಲಿ ಮಲಗುವ ಮುಂಚೆ ಗಂಟೆ ಹೊಡೆದು ಪ್ರಾರ್ಥನೆಗೆ ಸೇರ್ತಾರಲ್ಲ, ಅಲ್ಲಿ ಏನು ಹಾಡ್ತಾರೆ?’

ಮಠದ ಸನ್ಯಾಸಿಗಳಿಗಾಗಿ ಸಂತ ಬೆನೆಡಿಕ್ಟ್ ಬರೆದ ನಿಯಮದಲ್ಲಿ ಅದಕ್ಕೆ ಉತ್ತರ ಇದೆ. ಮಲಗುವ ಹೊತ್ತಿಗೆ ಬೈಬಲಿನ 4, 91 ಮತ್ತು 134ನೇ ಕೀರ್ತನೆಗಳು, ಪ್ರತಿ ರಾತ್ರಿ ಅವೇ ಮೂರು. ಸಣ್ಣ ಚೀಟಿಯಲ್ಲಿ ಬರೆದುಕೊಟ್ಟೆ. ಅವಳು ಬೈಬಲ್ ತೆರೆದು ತಿಂಗಳುಗಳೇ ಆಗಿದ್ದವು. 134ರಲ್ಲಿ ಇರುವುದು ಮೂರೇ ವಚನ. ಕಾದಂಬರಿ ಮುಚ್ಚಿಟ್ಟ ಮೇಲೆ ಈಗ ದಿನವೂ ಅದನ್ನು ಓದಿಯೇ ದೀಪ ಆರಿಸುತ್ತಾಳೆ.