ಒತ್ತಾಗಿ ಬೆಳೆದ ಸಾಗವಾನಿ ತೋಪಿನಲ್ಲಿ ಗಿಡ ಕಡಿದ ನನ್ನ ಅನುಭವ

ಹಾನಗಲ್ಲ ತಾಲ್ಲೂಕಿನ ನಮ್ಮ ಹೊಲದ ಅಂಚಿನಲ್ಲಿ 2 ಮೀಟರಿಗೊಂದರಂತೆ ನೆಟ್ಟಿದ್ದ ಸಾಗವಾನಿ ಗಿಡಗಳು, ಹತ್ತು ವರ್ಷ ದಾಟುವ ಹೊತ್ತಿಗೆ ಬಿಸಿಲಿಗಾಗಿ ಪೈಪೋಟಿ ನಡೆಸಿ ಎತ್ತರಕ್ಕೆ ಹೋಗಿದ್ದವೇ ಹೊರತು ದಪ್ಪವಾಗಿರಲಿಲ್ಲ. ಸೊಟ್ಟಗಿದ್ದ, ಕವಲೊಡೆದ, ನೆರಳಿನಲ್ಲಿ ಸೊರಗಿದ ಗಿಡಗಳನ್ನು ತೆಗೆದು ಉಳಿದವಕ್ಕೆ ಜಾಗ ಮಾಡಿಕೊಡಬೇಕಿತ್ತು. ಇಂಥ ತೋಪಿನಲ್ಲಿ ನಿಜವಾದ ಅಪಾಯವಿರುವುದು ಗಿಡದ ಭಾರದಲ್ಲಲ್ಲ. ಕಡಿದದ್ದು ನೆಲಕ್ಕೆ ಬೀಳದೆ ಪಕ್ಕದ ಗಿಡದ ಕೊಂಬೆಗೆ ಸಿಕ್ಕಿಕೊಂಡು ನಿಲ್ಲುವುದರಲ್ಲಿ. ನಮ್ಮ ಕೆಲಸದ ಕ್ರಮವನ್ನೆಲ್ಲ ಇದನ್ನು ತಪ್ಪಿಸುವ ದೃಷ್ಟಿಯಿಂದಲೇ ಹಾಕಿಕೊಂಡೆವು.

ಸ್ವಂತ ಹೊಲದಲ್ಲಿದ್ದರೂ ಸಾಗವಾನಿ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ಕೈಗೆ ಬಂದ ಮೇಲೆ, ಎಲೆ ಉದುರುವ ಕಾಲಕ್ಕಾಗಿ ಕಾದೆವು. ಎಲೆಯಿಲ್ಲದ ನೆತ್ತಿ ಹಗುರವಾಗಿರುತ್ತದೆ, ಗಾಳಿಗೆ ಕಡಿಮೆ ಸಿಗುತ್ತದೆ, ಯಾವ ಕೊಂಬೆ ಎಲ್ಲಿ ಹೆಣೆದುಕೊಂಡಿದೆ ಎಂಬುದು ನೆಲದಿಂದಲೇ ಕಾಣುತ್ತದೆ. ಆದರೆ ಆಗ ಒಣ ಎಲೆ ನೆಲದ ತುಂಬ ಹಾಸಿರುವುದರಿಂದ, ಚೈನ್ ಸಾ (ಯಂತ್ರದಿಂದ ಓಡುವ ಸರಪಳಿ ಗರಗಸ) ತಣ್ಣಗಾದ ಮೇಲೆ, ಎಲೆ ಗುಡಿಸಿದ ಜಾಗದಲ್ಲಿ ಮಾತ್ರ ಪೆಟ್ರೋಲ್ ಹಾಕುತ್ತಿದ್ದೆವು.

ತೆಗೆಯಬೇಕಾದ ಗಿಡಗಳಿಗೆ ಸುಣ್ಣದ ಗುರುತು ಹಾಕಿ, ಬಳ್ಳಿಗಳನ್ನೂ ಬುಡದ ಪೊದೆಯನ್ನೂ ಮೊದಲೇ ಕುಡುಗೋಲಿನಿಂದ ಸವರಿದೆವು. ಬಂಡಿದಾರಿಯ ಕಡೆ ತೆರೆದ ಜಾಗವಿದ್ದುದರಿಂದ ಅಲ್ಲಿಂದಲೇ ಆರಂಭಿಸಿ ಒಳಕ್ಕೆ ಸಾಗಿದೆವು. ಮೊದಲ ಸಾಲು ಬಯಲಿಗೆ ಬಿದ್ದರೆ ಎರಡನೆಯದಕ್ಕೆ ಬೀಳಲು ತೆರವು ಸಿಗುತ್ತದೆ, ಎಳೆದು ಸಾಗಿಸುವುದೂ ಸುಲಭ. ನಮ್ಮೊಡನಿದ್ದ ಹಿರಿಯ ಕೆಲಸಗಾರರು ಪ್ರತಿ ಗಿಡದ ಬಳಿಯೂ "ಬುಡಾ ಆಮ್ಯಾಲೆ ನೋಡ್ರಿ ಅಣ್ಣಾರ, ಮೊದಲ ತುದಿ ನೋಡ್ರಿ" ಎನ್ನುತ್ತಿದ್ದರು. ನೆತ್ತಿ ಎತ್ತ ವಾಲಿದೆ, ಒಣಕೊಂಬೆ ತೂಗುತ್ತಿದೆಯೇ ಎಂದು ನೋಡಿ, ಬೀಳುವ ದಿಕ್ಕಿಗೆ ಹಿಂದೆ ಓರೆಯಾಗಿ ಸರಿಯುವ ದಾರಿಯನ್ನು ತೆರವು ಮಾಡಿಕೊಂಡ ಮೇಲೆಯೇ ಯಂತ್ರ ಚಾಲೂ ಮಾಡುತ್ತಿದ್ದೆ. ಗಿಡದ ಎತ್ತರದ ಎರಡು ಪಟ್ಟು ದೂರದೊಳಗೆ ಬೇರೆ ಯಾರೂ ನಿಲ್ಲುವಂತಿರಲಿಲ್ಲ.

ಬೀಳಬೇಕಾದ ಬದಿಗೆ ವ್ಯಾಸದ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದಷ್ಟು ಆಳಕ್ಕೆ ಕಚ್ಚು ಹಾಕಬೇಕು. ಹಿಂಬದಿಯಿಂದ ಕೊಯ್ಯುವಾಗ ಕಚ್ಚಿನವರೆಗೂ ಹೋಗದೆ, ವ್ಯಾಸದ ಹತ್ತನೆಯ ಒಂದು ಭಾಗದಷ್ಟು ದಪ್ಪದ ಪಟ್ಟಿಯನ್ನು ನಡುವೆ ಉಳಿಸಬೇಕು. ಬಾಗಿಲಿನ ಕೀಲಿನಂತೆ ಗಿಡವನ್ನು ಹಿಡಿದು ಬೇಕಾದ ಕಡೆಗೆ ಬಾಗಿಸುವುದು ಅದೇ. ದೊಡ್ಡ ಮರವಾದರೆ ಗರಗಸದ ಹಿಂದೆ ಬೆಣೆ ಹೊಡೆಯಲು ಸ್ಥಳವಿರುತ್ತದೆ. ತೆಳು ಬೊಡ್ಡೆಯಲ್ಲಿ ಗರಗಸದ ಅಲಗು ಪೂರ್ತಿ ಒಳಗೆ ಹೋದರೆ ಬೆಣೆಗೆ ಜಾಗವೇ ಉಳಿಯುವುದಿಲ್ಲ, ಗಿಡ ಹಿಂದಕ್ಕೆ ಕುಳಿತು ಗರಗಸವನ್ನು ಹಿಡಿದುಬಿಡುತ್ತದೆ. ಆದ್ದರಿಂದ ಹಿಂಬದಿಯಲ್ಲಿ ಒಂದು ಪಕ್ಕದ ಅರ್ಧವನ್ನಷ್ಟೇ ಮೊದಲು ಕೊಯ್ದು, ಆ ಸೀಳಿಗೆ ಗಟ್ಟಿ ಕಟ್ಟಿಗೆಯ ಬೆಣೆಯನ್ನು ಬಿಗಿಯಾಗಿ ಹೊಡೆದು, ಉಳಿದರ್ಧವನ್ನು ಒಂದು ಬೆರಳಿನಷ್ಟು ಕೆಳಗಿನಿಂದ ಕೊಯ್ಯುತ್ತಿದ್ದೆ. ಕೆಳಗಿನಿಂದ ಕೊಯ್ಯುವುದರಿಂದ ಸರಪಳಿ ಬೆಣೆಗೆ ತಾಗುವುದಿಲ್ಲ. ಗರಗಸವನ್ನು ಹೊರತೆಗೆದು ದೂರವಿಟ್ಟು ಬೆಣೆಗೆ ಇನ್ನೆರಡು ಪೆಟ್ಟು ಹಾಕಿದರೆ, ಕೀಲು ಚಟಚಟನೆ ಸದ್ದು ಮಾಡುತ್ತ ಗಿಡ ನಿಧಾನವಾಗಿ ವಾಲತೊಡಗುತ್ತದೆ.

ಇಷ್ಟಾದರೂ ಕೆಲವು ಗಿಡಗಳು ಸಿಕ್ಕಿಕೊಂಡವು. ಆಗ ಆಧಾರವಾಗಿ ನಿಂತ ಗಿಡವನ್ನು ಕಡಿಯಲು ಹೋಗುವುದು, ಸಿಕ್ಕಿದ್ದರ ಮೇಲೆ ಇನ್ನೊಂದನ್ನು ಕೆಡವುವುದು, ಅದರಡಿ ನಡೆದಾಡುವುದು, ಈ ಮೂರೂ ಪ್ರಾಣಕ್ಕೆ ಕುತ್ತು. ಬುಡಕ್ಕೆ ಉದ್ದ ಹಗ್ಗ ಬಿಗಿದು, ಬೀಳಬೇಕಿದ್ದ ದಿಕ್ಕಿಗೆ ವಿರುದ್ಧವಾಗಿ ದೂರದಿಂದ ಎತ್ತುಗಳಿಂದ ಎಳೆಸಿದೆವು. ಬುಡ ಹಿಂದೆ ಸರಿದಂತೆ ನೆತ್ತಿ ತಾನಾಗಿ ಬಿಡಿಸಿಕೊಂಡಿತು. ಸಂಜೆಯಾಯಿತೆಂದು ಒಂದನ್ನೂ ಹಾಗೇ ಬಿಟ್ಟು ಮನೆಗೆ ಹೋಗಲಿಲ್ಲ. ಕುರಿ ಮೇಯಿಸುವ ಹುಡುಗರು ಅಲ್ಲಿ ಓಡಾಡುತ್ತಾರೆ.

ಬೊಡ್ಡೆಯನ್ನು ಗೇಣಿಗಿಂತ ಎತ್ತರ ಬಿಟ್ಟಿಲ್ಲ. ಸಾಗವಾನಿ ಬುಡದಿಂದ ಮತ್ತೆ ಚಿಗುರುವುದರಿಂದ, ಉಳಿಸಿದ ಗಿಡಗಳಿಗೆ ಪೈಪೋಟಿಯಾಗದಂತೆ ಮಳೆಗಾಲ ಮುಗಿದ ಕೂಡಲೇ ಆ ಚಿಗುರನ್ನು ಸವರಿ ಹಾಕುತ್ತಿದ್ದೇವೆ.