ಬೀದಿದೀಪದ ಕೆಳಗೆ ಸೇವಂತಿಗೆ ನೆಟ್ಟ ಕಥೆ

ತುಮಕೂರಿನಲ್ಲಿ ಮನೆ ಕಟ್ಟಿಸಿದಾಗ ಮುಂದೆ ಉಳಿದದ್ದು ಹತ್ತಡಿ ಅಗಲದ ಜಾಗ. ಗೇಟಿನ ಪಕ್ಕ ಹಳದಿ ಸೇವಂತಿಗೆ ಇರಲಿ ಅಂತ ಅಮ್ಮನ ಆಸೆ. ಜೂನ್‌ನಲ್ಲಿ 12 ಸಸಿ ನೆಟ್ಟೆ. ಕುಡಿ ಚಿವುಟಿದೆ, ಕೊಟ್ಟಿಗೆ ಗೊಬ್ಬರ ಕೊಟ್ಟೆ. ಗಿಡಗಳು ಮೊಣಕಾಲೆತ್ತರ ಪೊದೆಯಾದವು. ದೀಪಾವಳಿ ಬಂದು ಹೋಯಿತು, ಒಂದು ಮೊಗ್ಗೂ ಕಾಣಲಿಲ್ಲ. ಗೊಬ್ಬರ ಸಾಲಲಿಲ್ಲವೇನೋ ಎಂದು ಮತ್ತೆ ಹಾಕಿದೆ. ಎಲೆ ಇನ್ನಷ್ಟು ಹಸಿರಾಯಿತು, ಅಷ್ಟೇ.

ಕಾರಣ ಹೇಳಿದವರು ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಯುವ ನಮ್ಮ ಚಿಕ್ಕಪ್ಪ. ನವೆಂಬರ್‌ನ ಒಂದು ಸಂಜೆ ಬಂದವರು ಗಿಡಕ್ಕಿಂತ ಮೊದಲು ತಲೆಯೆತ್ತಿ ಬೀದಿದೀಪ ನೋಡಿದರು.

"ರಾತ್ರಿಯೆಲ್ಲ ಇದರ ಬೆಳಕು ಗಿಡದ ಮೇಲೇ ಬೀಳುತ್ತಲ್ಲೋ. ಸರಿಯಾಗಿ ಕತ್ತಲು ಸಿಗದಿದ್ರೆ ಸೇವಂತಿಗೆ ಮೊಗ್ಗು ಕಟ್ಟಲ್ಲ. ಹೂವು ತಡವಾಗಿ ಬರಲಿ ಅಂತ ನಾವೇ ಹೊಲದಲ್ಲಿ ರಾತ್ರಿ ಬಲ್ಬು ಉರಿಸ್ತೀವಿ."

ಆ ದಾರಿಯಲ್ಲಿ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಉರಿಯುವ ಬಲ್ಬುಗಳನ್ನು ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ. ಮರುದಿನವೇ ಆರು ಗಿಡಗಳನ್ನು ಬುಡದ ಮಣ್ಣಿನ ಸಮೇತ ಎತ್ತಿ ಹಿತ್ತಲಿಗೆ ಒಯ್ದೆ. ಅಲ್ಲಿ ಹಗಲು ಚೆನ್ನಾಗಿ ಬಿಸಿಲು, ರಾತ್ರಿ ಪೂರಾ ಕತ್ತಲು. ಸಂಕ್ರಾಂತಿ ಹೊತ್ತಿಗೆ ಹಿತ್ತಲಿನವು ಅರಳಿದವು, ಗೇಟಿನ ಪಕ್ಕದವು ಹಸಿರಾಗಿಯೇ ನಿಂತಿದ್ದವು.

ಅಂದಿನಿಂದ ನರ್ಸರಿಗೆ ಹೋಗುವ ಮೊದಲು ಜಾಗವನ್ನು ನೋಡುತ್ತೇನೆ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ನೆರಳು ಎಲ್ಲಿದೆ, ರಾತ್ರಿ ಬೆಳಕು ಎಲ್ಲಿ ಬೀಳುತ್ತದೆ ಎಂದು ಒಂದು ಹಾಳೆಯ ಮೇಲೆ ಗೀಚಿಡುತ್ತೇನೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬಂದು ಬಣ್ಣಕ್ಕೆ ಮರುಳಾಗಿ ತಂದ ಗಿಡಗಳಲ್ಲಿ ನನ್ನಲ್ಲಿ ಉಳಿದದ್ದು ಕಡಿಮೆ.

ಹುಲ್ಲಿನಲ್ಲೂ ಇದೇ ಆಯಿತು. ಹೊಂಗೆ ಮರದಡಿ ಹಾಸಿದ ಮೆಕ್ಸಿಕನ್ ಹುಲ್ಲು ಬಿಸಿಲಿಲ್ಲದೆ ತೆಳ್ಳಗಾಗಿ, ತೇಪೆ ತೇಪೆಯಾಗಿ ಸತ್ತಿತು. ಈಗ ಅಲ್ಲಿ ಅಗಲ ಎಲೆಯ ಬಫೆಲೋ ಹುಲ್ಲಿದೆ. ಅಷ್ಟು ನುಣುಪಿಲ್ಲ, ಆದರೆ ನೆರಳು ತಾಳುತ್ತದೆ. ಗರಿಕೆಯನ್ನು ಗಣೇಶನ ಪೂಜೆಗೆಂದು ಕುಂಡದಲ್ಲೇ ಇಟ್ಟಿದ್ದೇನೆ, ನೆಲಕ್ಕೆ ಬಿಟ್ಟರೆ ಹೂವಿನ ಪಾತಿಗೆಲ್ಲ ಹಬ್ಬುತ್ತದೆ.

ನನಗೆ ಬಹಳ ಹಿಡಿಸಿದ್ದು ಲಾವಂಚ. ಜನ ಇದನ್ನು ಅಲಂಕಾರದ ಹುಲ್ಲು ಎಂದು ಎಣಿಸುವುದಿಲ್ಲ. ಆದರೆ ಆಳೆತ್ತರದ ಆ ಗರಿಗಳು ಗಾಳಿಗೆ ಬಾಗುವ ಚೆಂದವನ್ನು ನೋಡಬೇಕು! ಬೇರು ನೇರ ಆಳಕ್ಕೆ ಇಳಿಯುತ್ತದೆ, ಪಕ್ಕದ ಗಿಡದ ಮೇಲೆ ಹರಿದಾಡುವುದಿಲ್ಲ. ಮಳೆಗಾಲದ ಮುಂಚೆ ಒಂದು ಗೇಣು ಬಿಟ್ಟು ಕತ್ತರಿಸಿದರೆ ಹೊಸದಾಗಿ ಚಿಗುರುತ್ತದೆ. ಗೇಟಿನ ಪಕ್ಕ, ಅದೇ ಬೀದಿದೀಪದ ಕೆಳಗೆ, ಈಗ ಮೂರು ಬುಡ ಲಾವಂಚ ಇವೆ. ಅವುಗಳ ಮುಂದೆ ಬಿಳಿ, ಗುಲಾಬಿ ಕಾಶಿಕಣಗಿಲೆ. ನೀರು ನಿಂತರೆ ಅದು ಕೊಳೆಯುತ್ತದೆ, ಹಾಗಾಗಿ ಪಾತಿಯನ್ನು ಸ್ವಲ್ಪ ಏರಿಸಿದ್ದೇನೆ. ದೀಪ ಉರಿದರೂ ಹೂವಿಗೆ ಬರವಿಲ್ಲ. ಅಮ್ಮ ಹೂ ಬಿಡಿಸಲು ಹಿತ್ತಲಿಗೇ ಹೋಗುತ್ತಾರೆ.