ರಿಮೋಟ್ ಕಾರಿನ ಮೋಟಾರ್ ಸುಡದಂತೆ ನೋಡಿಕೊಳ್ಳುವುದು ಹೇಗೆ? ಮೊದಲು ಪಿನಿಯನ್, ಫ್ಯಾನ್ ಆಮೇಲೆ

ಏಪ್ರಿಲ್‌ನ ಒಂದು ಸಂಜೆ. ಮಲ್ಪೆ ಬೀಚಿನಲ್ಲಿ ಅಳಿಯ ತನ್ನ ಆರ್‌ಸಿ ಕಾರು ಓಡಿಸುತ್ತಿದ್ದ. ನೀರಿನ ಅಂಚಿನ ಗಟ್ಟಿ ಹೊಯಿಗೆಯಲ್ಲಿ ಅದು ಬಾಣದ ಹಾಗೆ ಹೋಗುತ್ತಿತ್ತು. ಆಮೇಲೆ ಮೇಲಿನ ಸಡಿಲ ಹೊಯಿಗೆಗೆ ತಿರುಗಿಸಿದ. ಚಕ್ರ ಅರ್ಧ ಹೂತುಹೋಯಿತು. ಅವನು ಟ್ರಿಗರ್ ಬಿಡಲಿಲ್ಲ. ಹಿಂದೆ, ಮುಂದೆ, ಮತ್ತೆ ಹಿಂದೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

"ಮಾಮ, ಎಂಥದೋ ವಾಸನೆ ಬರ್ತಾ ಉಂಟು" ಎಂದ.

ಬಿಸಿ ವಾರ್ನಿಷ್ ಸುಟ್ಟ ಹಾಗಿನ ಘಾಟು. ಮೋಟಾರಿನೊಳಗೆ ತಾಮ್ರದ ತಂತಿಯ ಮೇಲೆ ತೆಳುವಾದ ಲೇಪ ಇರುತ್ತದೆ, ಅದು ಸುಡುವ ವಾಸನೆ. ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವುದಿಲ್ಲ. ಆ ಮೋಟಾರ್ ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಅವನು ಕೇಳಿದ ಮೊದಲ ಪ್ರಶ್ನೆ, "ಹೊಸ ಮೋಟಾರಿಗೆ ದೊಡ್ಡ ಫ್ಯಾನ್ ಹಾಕುವಾ?" ಈ ಹವ್ಯಾಸಕ್ಕೆ ಹೊಸದಾಗಿ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಫ್ಯಾನ್ ಬೇಕು, ಆದರೆ ಅದು ಕಡೆಯ ಕೆಲಸ. ಹುಟ್ಟಿದ ಶಾಖವನ್ನು ಹೊರಹಾಕುವುದಷ್ಟೇ ಅದಕ್ಕೆ ಗೊತ್ತು. ಶಾಖ ಯಾಕೆ ಅಷ್ಟು ಹುಟ್ಟುತ್ತಿದೆ ಎಂದು ಮೊದಲು ಹುಡುಕಬೇಕು.

ಶಾಖ ಎಲ್ಲಿಂದ ಬರುತ್ತದೆ

ತಂತಿಯಲ್ಲಿ ಕರೆಂಟ್ ಹರಿದರೆ ಶಾಖ ಹುಟ್ಟಿಯೇ ಹುಟ್ಟುತ್ತದೆ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಇನ್ನೂ ಒಂದು ತೊಂದರೆ ಇದೆ. ತಾಮ್ರ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ. 25 ಡಿಗ್ರಿಯಿಂದ 100 ಡಿಗ್ರಿಗೆ ಹೋದರೆ ಶೇ 30ರ ಹತ್ತಿರ ಜಾಸ್ತಿ. ಅಂದರೆ ಬಿಸಿಯಾದ ಮೋಟಾರ್ ಅದೇ ಕೆಲಸಕ್ಕೆ ಇನ್ನೂ ಹೆಚ್ಚು ಬಿಸಿಯಾಗುತ್ತದೆ.

ಹೊಯಿಗೆಯಲ್ಲಿ ಸಿಕ್ಕಿಕೊಂಡಾಗ ಏನಾಯಿತು? ತಿರುಗುತ್ತಿರುವ ಮೋಟಾರ್ ತಾನೂ ಒಂದು ಡೈನಮೊ. ಅದು ಬ್ಯಾಟರಿಗೆ ಎದುರಾಗಿ ಒಂದು ವೋಲ್ಟೇಜ್ ಹುಟ್ಟಿಸುತ್ತದೆ. ಕರೆಂಟ್ ಹದದಲ್ಲಿ ಇರುವುದು ಇದರಿಂದಲೇ. ಚಕ್ರ ಹೂತು ಮೋಟಾರ್ ನಿಂತರೆ ಎದುರು ವೋಲ್ಟೇಜ್ ಸೊನ್ನೆ. ಆಗ ಕರೆಂಟ್ ಒಮ್ಮೆಲೇ ನುಗ್ಗುತ್ತದೆ. ಕಾರು ಒಂದಿಂಚೂ ಚಲಿಸದ ಕಾರಣ ಅಷ್ಟೂ ಶಾಖವಾಗುತ್ತದೆ.

ಮೊದಲು ಅಳೆಯಿರಿ

ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ತೆಗೆದುಕೊಳ್ಳಿ. ಗನ್ನಿನ ಹಾಗಿರುತ್ತದೆ. ಕೋವಿಡ್ ಸಮಯದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದು ಮನೆಯಲ್ಲಿ ಇದ್ದರೂ ಅದನ್ನು ನಂಬಬೇಡಿ. ಅವು ಮೈ ಜ್ವರ ನೋಡಲು ಮಾಡಿದವು, ಹೆಚ್ಚಿನವು 43 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತವೆ. ವರ್ಕ್‌ಶಾಪಿನಲ್ಲಿ ಬಳಸುವಂಥದ್ದು ಬೇಕು.

ಒಂದು ಸಣ್ಣ ಗುಟ್ಟು. ಮೋಟಾರಿನ ಡಬ್ಬಿ ಹೊಳೆಯುವ ಲೋಹದ್ದಾಗಿದ್ದರೆ ಈ ಥರ್ಮಾಮೀಟರ್ ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಅದಕ್ಕೆ ಡಬ್ಬಿಯ ಮೇಲೆ ಉಗುರಿನಷ್ಟು ಅಗಲದ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಆ ಜಾಗಕ್ಕೇ ಹಿಡಿದು ನೋಡಿ. ನಾನು ಟೇಪ್ ಇಲ್ಲದೆ 51 ಎಂದು ನೋಡಿದ ಮೋಟಾರ್ ಟೇಪಿನ ಮೇಲೆ 74 ತೋರಿಸಿತ್ತು.

ಮೂರು ನಿಮಿಷ ಓಡಿಸಿ ಅಳೆಯಿರಿ. ಮತ್ತೆ ಮೂರು ನಿಮಿಷ, ಮತ್ತೆ ಅಳತೆ. ನಿಲ್ಲಿಸಿದ ತಕ್ಷಣ ಒಮ್ಮೆ, ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಒಳಗಿನ ಶಾಖ ನಿಧಾನಕ್ಕೆ ಹೊರಗೆ ಬರುವುದರಿಂದ ಎರಡನೇ ಸಲ ಹೆಚ್ಚು ಬರುತ್ತದೆ. ನನ್ನ ಲೆಕ್ಕ ಹೀಗೆ: ಹೊರಮೈ 70ರ ಒಳಗಿದ್ದರೆ ನೆಮ್ಮದಿ. 80 ಮುಟ್ಟಿದರೆ ಆಟ ನಿಲ್ಲಿಸುವುದು. ಒಳಗಿನ ತಂತಿ ಹೊರಮೈಗಿಂತ ಎಷ್ಟೋ ಬಿಸಿ ಇರುತ್ತದೆ. ಬ್ರಷ್‌ಲೆಸ್, ಅಂದರೆ ಕಾರ್ಬನ್ ಬ್ರಷ್ ಇಲ್ಲದ ಮೋಟಾರಿನಲ್ಲಿ ನಿಯೋಡಿಮಿಯಮ್ ಆಯಸ್ಕಾಂತ ಬೇರೆ ಇದೆ. ಅದರ ಸಾಮಾನ್ಯ ದರ್ಜೆಗಳು 80 ಡಿಗ್ರಿ ದಾಟಿದರೆ ಶಾಶ್ವತವಾಗಿ ಬಲ ಕಳೆದುಕೊಳ್ಳಲು ಶುರುಮಾಡುತ್ತವೆ. ಒಳ್ಳೆಯ ಮೋಟಾರಿಗೆ ಇನ್ನೂ ಹೆಚ್ಚು ತಡೆಯುವ ದರ್ಜೆ ಹಾಕಿರುತ್ತಾರೆ. ನಮ್ಮದರಲ್ಲಿ ಯಾವುದಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲವಲ್ಲ.

ಬೆರಳಿಟ್ಟು ನೋಡುವ ಅಭ್ಯಾಸ ಬೇಡ. ಚರ್ಮ ಸುಟ್ಟುಕೊಂಡ ಮಕ್ಕಳನ್ನು ನೋಡಿದ್ದೇನೆ.

ಇಲ್ಲಿ ನಮ್ಮೂರಿನ ಸೆಕೆಯ ಮಾತು ಬರಬೇಕು. ಡಿಸೆಂಬರ್ ಬೆಳಗ್ಗೆ ಹೊರಗೆ 23 ಡಿಗ್ರಿ ಇದ್ದಾಗ 66 ತೋರಿಸಿದ ಕಾರು, ಏಪ್ರಿಲ್ ಮಧ್ಯಾಹ್ನ 34ರಲ್ಲಿ ಅದೇ ಓಟಕ್ಕೆ 77ರ ಹತ್ತಿರ ಹೋಗುತ್ತದೆ. ಮೋಟಾರ್ ಹೊರಗಿನ ಗಾಳಿಯ ಮೇಲೆ ತನ್ನ ಬಿಸಿಯನ್ನು ಕೂಡಿಸಿಕೊಳ್ಳುತ್ತದೆ, ಅಷ್ಟೇ. ಆದರೆ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಅದಕ್ಕೇ ಮೋಟಾರ್ ತಣಿಯುವುದಿಲ್ಲ ಎಂದು ಕೆಲವರು ಹೇಳುವುದು ತಪ್ಪು. ನಮಗೆ ಸೆಕೆ ಆಗುವುದು ಬೆವರು ಆರದ ಕಾರಣಕ್ಕೆ. ಮೋಟಾರ್ ಬೆವರುವುದಿಲ್ಲ. ತೇವದಿಂದ ಅದಕ್ಕೆ ಬರುವ ಕಷ್ಟ ತುಕ್ಕಿನದು.

ಚಕ್ರ ಕೈಯಲ್ಲಿ ತಿರುಗಿಸಿ ನೋಡಿ

ಅಳತೆ 80ರ ಹತ್ತಿರ ಬಂದರೆ ಬ್ಯಾಟರಿ ಬಿಚ್ಚಿ. ಮೋಟಾರಿನ ಸ್ಕ್ರೂ ಸಡಿಲಿಸಿ ಹಿಂದಕ್ಕೆ ಸರಿಸಿ, ಪಿನಿಯನ್ ಅಂದರೆ ಮೋಟಾರ್ ಶಾಫ್ಟಿನ ಸಣ್ಣ ಗೇರ್, ಅದು ತಿರುಗಿಸುವ ದೊಡ್ಡ ಗೇರನ್ನು, ಅಂದರೆ ಸ್ಪರ್ ಗೇರನ್ನು, ಮುಟ್ಟದ ಹಾಗೆ ಮಾಡಿ. ಈಗ ಒಂದೊಂದೇ ಚಕ್ರವನ್ನು ಬೆರಳಿನಿಂದ ತಿರುಗಿಸಿ ಬಿಡಿ. ಸಲೀಸಾಗಿ ತಿರುಗಬೇಕು. ಎಲ್ಲಿ ಹಿಡಿಯುತ್ತದೋ, ಎಲ್ಲಿ ಕರಕರ ಎನ್ನುತ್ತದೋ ಆ ಚಕ್ರ ಬಿಚ್ಚಿ.

ನಮ್ಮ ಕಾರಿನ ಹಿಂದಿನ ಎಡಚಕ್ರ ಹೀಗೇ ಹಿಡಿಯುತ್ತಿತ್ತು. ನಟ್ ತೆಗೆದು ಚಕ್ರ ಎಳೆದಾಗ ಆಕ್ಸಲ್ ಸುತ್ತ ತೆಂಗಿನ ನಾರು ಹಗ್ಗದ ಹಾಗೆ ಬಿಗಿಯಾಗಿ ಹೊಸೆದುಕೊಂಡಿತ್ತು. ಅಂಗಳದಲ್ಲಿ ಓಡಿಸಿದಾಗ ಸಿಪ್ಪೆಯ ನಾರು ಒಂದೊಂದೇ ಎಳೆಯಾಗಿ ಸುತ್ತಿಕೊಂಡದ್ದು. ಅದರ ಸಂದಿಗೆ ಹೊಯಿಗೆ ಸೇರಿ ಬೇರಿಂಗಿನ ರಬ್ಬರ್ ಮುಚ್ಚಳವನ್ನೇ ಒಂದು ಕಡೆ ಎತ್ತಿಬಿಟ್ಟಿತ್ತು. ಒಳಗಿನ ಗುಂಡುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಬ್ಲೇಡಿನಿಂದ ನಾರು ಕತ್ತರಿಸಿ, ಬೇರಿಂಗ್ ಬದಲಿಸಿದೆವು. ಅಷ್ಟರಲ್ಲೇ ಅದೇ ಅಂಗಳದಲ್ಲಿ, ಅದೇ ಓಟಕ್ಕೆ ಅಳತೆ 9 ಡಿಗ್ರಿ ಇಳಿಯಿತು. ಕೊಯ್ಲಾದ ಗದ್ದೆಯಲ್ಲಿ ಓಡಿಸುವವರು ಬೈಹುಲ್ಲಿಗೂ ಹೀಗೇ ನೋಡಬೇಕು.

ಬೇರಿಂಗಿಗೆ ಎಣ್ಣೆ ಬಿಡುವುದಾದರೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸಾಕು. ತೆಂಗಿನೆಣ್ಣೆ ಕೈಗೆ ಸಿಗುತ್ತದೆ ಎಂದು ಬಿಡಬೇಡಿ, ದಿನ ಕಳೆದಂತೆ ಅದು ಅಂಟಾಗಿ ಮಣ್ಣು ಹಿಡಿದುಕೊಳ್ಳುತ್ತದೆ.

ಮೋಟಾರನ್ನು ಮತ್ತೆ ಕೂರಿಸುವಾಗ ಪಿನಿಯನ್ ಸ್ಪರ್ ಗೇರಿಗೆ ಒತ್ತಿ ಕೂರಬಾರದು. ನೋಟ್‌ಬುಕ್ಕಿನ ಹಾಳೆಯಿಂದ ಬೆರಳಗಲದ ಪಟ್ಟಿ ಹರಿದು ಎರಡು ಗೇರಿನ ನಡುವೆ ಇಡಿ. ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ. ಆಮೇಲೆ ಗೇರ್ ತಿರುಗಿಸಿ ಪಟ್ಟಿಯನ್ನು ಹೊರಗೆ ತೆಗೆಯಿರಿ. ಅದರಲ್ಲಿ ಅಚ್ಚುಕಟ್ಟಾದ ಮಡಿಕೆ ಮೂಡಿರಬೇಕು, ಹರಿದಿರಬಾರದು. ಹರಿದರೆ ಗೇರ್ ಬಿಗಿ. ಸ್ಪರ್ ಗೇರನ್ನು ಬೆರಳಲ್ಲಿ ಹಿಂದೆ ಮುಂದೆ ಅಲುಗಿಸಿದರೆ ಕೂದಲೆಳೆಯಷ್ಟು ಆಟ ಸಿಗಬೇಕು.

ಪಿನಿಯನ್ ಸಣ್ಣದು ಮಾಡಿ

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇದು. ಖರ್ಚೂ ಕಡಿಮೆ. ಆದರೂ ಜನ ಇದನ್ನು ಕೊನೆಗೆ ಮಾಡುತ್ತಾರೆ, ಸ್ಪೀಡ್ ಕಡಿಮೆಯಾಗುತ್ತದೆ ಎಂಬ ಬೇಸರಕ್ಕೆ.

ಲೆಕ್ಕ ನೋಡಿ. ಸ್ಪರ್ ಗೇರಿಗೆ 54 ಹಲ್ಲು, ಪಿನಿಯನ್ನಿಗೆ 17 ಹಲ್ಲು ಎಂದಿಟ್ಟುಕೊಳ್ಳಿ. 54ನ್ನು 17ರಿಂದ ಭಾಗಿಸಿದರೆ 3.18. ಪಿನಿಯನ್ ತೆಗೆದು 15 ಹಲ್ಲಿನದು ಹಾಕಿದರೆ 3.6. ಮೇಲಿನ ಸ್ಪೀಡ್ ಶೇ 12ರಷ್ಟು ಇಳಿಯುತ್ತದೆ. ಆದರೆ ಚಕ್ರಕ್ಕೆ ಅಷ್ಟೇ ಎಳೆತ ಕೊಡಲು ಮೋಟಾರಿಗೆ ಬೇಕಾಗುವ ಕರೆಂಟೂ ಶೇ 12 ಇಳಿಯುತ್ತದೆ. ತಂತಿಯ ಶಾಖ ಶೇ 22 ಕಡಿಮೆ. ಎರಡೇ ಎರಡು ಹಲ್ಲಿಗೆ! ಯಾವ ಫ್ಯಾನಿನ ಮೇಲೂ ನಾನು ಇಷ್ಟು ಭರವಸೆ ಇಡುವುದಿಲ್ಲ.

ಪಿನಿಯನ್ ಕೊಳ್ಳುವಾಗ ಹಲ್ಲಿನ ಅಳತೆ, ಶಾಫ್ಟಿನ ದಪ್ಪ ಎರಡೂ ಹೊಂದಬೇಕು. 540 ಅಳತೆಯ ಮೋಟಾರುಗಳಿಗೆ ಸಾಮಾನ್ಯವಾಗಿ 3.17 ಮಿ.ಮೀ. ಶಾಫ್ಟ್ ಇರುತ್ತದೆ. ದೊಡ್ಡ ಮೋಟಾರುಗಳಿಗೆ 5 ಮಿ.ಮೀ. ಕೂಡ ಉಂಟು. ಹಳೆಯ ಪಿನಿಯನ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು.

ದೊಡ್ಡ ಚಕ್ರ ಹಾಕಿಸುವವರಿಗೆ ಒಂದು ಮಾತು. 85 ಮಿ.ಮೀ. ವ್ಯಾಸದ ಚಕ್ರ ತೆಗೆದು 95ರದ್ದು ಹಾಕಿದರೆ, ಮೋಟಾರಿನ ಪಾಲಿಗೆ ಅದು 17 ಹಲ್ಲಿನ ಪಿನಿಯನ್ ತೆಗೆದು 19 ಹಾಕಿದ ಹಾಗೆ. ಚಕ್ರ ದೊಡ್ಡದಾದರೆ ಪಿನಿಯನ್ ಸಣ್ಣದಾಗಬೇಕು. ಬ್ಯಾಟರಿಗೂ ಇದೇ ಮಾತು. 3300 ಕೆವಿ ಮೋಟಾರ್ ಎಂದರೆ ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು. 2 ಸೆಲ್‌ನ 7.4 ವೋಲ್ಟ್ ಲಿಪೊ ಬ್ಯಾಟರಿಯಲ್ಲಿ 24,420 ಸುತ್ತು. 3 ಸೆಲ್‌ನ 11.1 ವೋಲ್ಟಿನಲ್ಲಿ 36,630. ಅದೇ ಪಿನಿಯನ್ ಇಟ್ಟುಕೊಂಡು 3 ಸೆಲ್ ಹಾಕಿದರೆ ಮೋಟಾರ್ ತಾಳುವುದು ಕಷ್ಟ. ಅದಕ್ಕೂ ಮೊದಲು ಮೋಟಾರಿಗೂ ಇಎಸ್‌ಸಿಗೂ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) 3 ಸೆಲ್ ಆಗುತ್ತದಾ ಎಂದು ಅವುಗಳ ಕಾಗದದಲ್ಲಿ ನೋಡಿ.

ಒಂದೊಂದೇ ಹಲ್ಲು ಇಳಿಸಿ, ಪ್ರತಿ ಸಲ ಅಳೆಯಿರಿ. ತೀರಾ ಸಣ್ಣ ಪಿನಿಯನ್ ಹಾಕಿ ಸದಾ ಕಿರುಚುವ ವೇಗದಲ್ಲಿ ತಿರುಗಿಸಿದರೂ ಮೋಟಾರಿನ ಕಬ್ಬಿಣದ ಭಾಗ ಬಿಸಿಯಾಗುತ್ತದೆ. ಅಳತೆ ಇಳಿಯುವುದು ನಿಂತ ಕಡೆ ನಿಲ್ಲಿಸಿ.

ಇಎಸ್‌ಸಿಯ ಸೆಟ್ಟಿಂಗ್

ಟೈಮಿಂಗ್ ಎಂಬ ಸೆಟ್ಟಿಂಗ್ ಇದ್ದರೆ ಅತಿ ಕಡಿಮೆಗೆ ಇಡಿ. ಟೈಮಿಂಗ್ ಏರಿಸಿದರೆ ಸುತ್ತು ಜಾಸ್ತಿ, ಬಿಸಿಯೂ ಜಾಸ್ತಿ. ಪಂಚ್ ಎನ್ನುವುದು ಕಾರು ಹೊರಡುವಾಗಿನ ಜಿಗಿತ. ಅದನ್ನೂ ಒಂದು ಮೆಟ್ಟಿಲು ಇಳಿಸಿ. ಬಿಸಿಯಾದಾಗ ತಾನೇ ಆಫ್ ಆಗುವ ರಕ್ಷಣೆ ಇಎಸ್‌ಸಿಯಲ್ಲಿ ಇರುತ್ತದೆ, ಆದರೆ ಎಷ್ಟೋ ಸಲ ಅದು ಇಎಸ್‌ಸಿಯ ಬಿಸಿಯನ್ನು ಮಾತ್ರ ನೋಡುತ್ತದೆ. ಮೋಟಾರ್ ಸುಡುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಎಲ್ಲಿ, ಹೇಗೆ ಓಡಿಸುವುದು

ಮಂಗಳೂರಿನ ನೆಹರೂ ಮೈದಾನದಂಥ ಗಟ್ಟಿ ಮಣ್ಣಿನಲ್ಲಿ ಮೋಟಾರಿಗೆ ಸುಖ. ಮಳೆ ಬಿಟ್ಟ ಮೇಲೆ ಎಲ್ಲ ಕಡೆ ಎದ್ದು ನಿಲ್ಲುವ ಹುಲ್ಲಿನಲ್ಲಿ ಕಷ್ಟ. ಪಣಂಬೂರು, ಮಲ್ಪೆಯ ಸಡಿಲ ಹೊಯಿಗೆಯಲ್ಲಂತೂ ತುಂಬಾ ಕಷ್ಟ. ಬೀಚಿಗೆ ಹೋಗುವುದಾದರೆ ಇಳಿತದ ಹೊತ್ತು ನೋಡಿ ಹೋಗಿ. ಆಗ ನೀರು ಹಿಂದೆ ಸರಿದು ಗಟ್ಟಿ ಹೊಯಿಗೆಯ ಅಗಲವಾದ ಪಟ್ಟಿ ಸಿಗುತ್ತದೆ. ಅಲೆಗೆ ತಾಗದ ಹಾಗೆ ಅದರಲ್ಲೇ ಓಡಿಸಿ.

ಕಾರು ಸಿಕ್ಕಿಕೊಂಡರೆ ಟ್ರಿಗರ್ ಬಿಟ್ಟು ನಡೆದುಹೋಗಿ ಕೈಯಿಂದ ಎತ್ತಿ. ಇದೊಂದನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಿ. ಪೂರ್ತಿ ಸ್ಪೀಡಿನಿಂದ ಒಮ್ಮೆಲೇ ರಿವರ್ಸ್ ಎಳೆಯುವುದೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಆರು ನಿಮಿಷ ಓಟ, ಹತ್ತು ನಿಮಿಷ ವಿಶ್ರಾಂತಿ ಎಂಬುದು ನಮ್ಮ ಮನೆಯ ನಿಯಮ. ಒಂದು ಬ್ಯಾಟರಿ ಮುಗಿದ ಕೂಡಲೇ ಇನ್ನೊಂದು ಹಾಕಿ ಓಡಿಸುವುದರಿಂದಲೂ ಎಷ್ಟೋ ಮೋಟಾರುಗಳು ಸಾಯುತ್ತವೆ. ಕೊನೆಯ ಒಂದು ನಿಮಿಷ ನಿಧಾನ ಓಡಿಸಿದರೆ ಗಾಳಿ ತಾಗಿ ಸ್ವಲ್ಪ ತಣಿಯುತ್ತದೆ. ಬಿಸಿ ಮೋಟಾರಿಗೆ ನೀರು ಹೊಯ್ಯಬೇಡಿ, ಐಸ್ ಇಡಬೇಡಿ. ಬಾಡಿ ತೆಗೆದು ನೆರಳಿನಲ್ಲಿ ಇಡಿ.

ಈಗ ಫ್ಯಾನ್

ಇಷ್ಟಾದ ಮೇಲೂ 75 ದಾಟುತ್ತಿದ್ದರೆ ಹೀಟ್‌ಸಿಂಕ್ (ಶಾಖ ಎಳೆದು ಗಾಳಿಗೆ ಬಿಡುವ ಲೋಹದ ತುಂಡು) ಮತ್ತು ಫ್ಯಾನ್ ಹಾಕಿ. ಹೀಟ್‌ಸಿಂಕ್ ಡಬ್ಬಿಗೆ ಸಂದಿಲ್ಲದೆ ಅಪ್ಪಿ ಕೂರಬೇಕು. ನಡುವೆ ತೆಳ್ಳಗೆ ಥರ್ಮಲ್ ಪೇಸ್ಟ್ ಸವರಿ. 30 ಮಿ.ಮೀ. ಅಥವಾ 40 ಮಿ.ಮೀ. ಫ್ಯಾನ್ ಸಾಕು, ಅದರ ಮೇಲೆ ಬರೆದ ವೋಲ್ಟೇಜ್ ನೋಡಿಯೇ ವೈರ್ ಕೊಡಿ. ಗಾಳಿ ಹೀಟ್‌ಸಿಂಕಿನ ಕಡೆಗೆ ಬೀಸಬೇಕು. ಬಾಡಿಯ ಹಿಂಭಾಗದಲ್ಲಿ ಬಿಸಿಗಾಳಿ ಹೊರಗೆ ಹೋಗಲು ಕಿಂಡಿ ಕತ್ತರಿಸಿ. ಇಲ್ಲದಿದ್ದರೆ ಫ್ಯಾನ್ ಅದೇ ಬಿಸಿಗಾಳಿಯನ್ನು ತಿರುಗಿಸುತ್ತಾ ಕೂರುತ್ತದೆ. ಬೀಚಿನಲ್ಲಿ ಓಡಿಸಿದ ದಿನ ಫ್ಯಾನಿನ ರೆಕ್ಕೆಗೆ ಹೊಯಿಗೆ ಸೇರಿದೆಯಾ ನೋಡಿ, ಬ್ರಷ್ಷಿನಿಂದ ಗುಡಿಸಿ. ಉಪ್ಪು ಗಾಳಿ ತಾಗಿದ ಭಾಗವನ್ನೆಲ್ಲ ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಆರಿಸಿ, ಬೇರಿಂಗಿಗೆ ಒಂದು ಹನಿ ಎಣ್ಣೆ ಬಿಡಿ.

ಒಮ್ಮೆ ಬಿಸಿಯಾಗಿಹೋದ ಮೋಟಾರ್ ಸರಿ ಇದೆಯಾ?

ಬ್ರಷ್‌ಲೆಸ್ ಮೋಟಾರಿನ ಆಯಸ್ಕಾಂತ ಸೋತಿದ್ದರೆ ಒಂದು ವಿಚಿತ್ರ ಕಾಣುತ್ತದೆ. ಚಕ್ರ ಎತ್ತಿ ಹಿಡಿದು ಓಡಿಸಿದರೆ ಮೊದಲಿಗಿಂತ ಜೋರಾಗಿ ತಿರುಗುತ್ತದೆ. ನೆಲಕ್ಕಿಟ್ಟರೆ ಎಳೆಯುವುದಿಲ್ಲ. ಬೇಗ ಬಿಸಿಯಾಗುತ್ತದೆ. ಆಯಸ್ಕಾಂತ ಬಲ ಕಳೆದುಕೊಂಡಾಗ ಅಷ್ಟೇ ಎಳೆತಕ್ಕೆ ಹೆಚ್ಚು ಕರೆಂಟ್ ಬೇಕಾಗುವುದೇ ಕಾರಣ. ಅದನ್ನು ರಿಪೇರಿ ಮಾಡಲು ಹೋಗಬೇಡಿ, ಬದಲಿಸಿ.

ಬ್ರಷ್ ಇರುವ ಮೋಟಾರ್ ಆದರೆ ಕಾರ್ಬನ್ ಬ್ರಷ್ ಸವೆದಿದೆಯಾ, ಅದು ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್, ಕಪ್ಪಾಗಿದೆಯಾ ನೋಡಿ. ಹೊಸ ಬ್ರಷ್ ಮೋಟಾರ್ ತಂದರೆ ಕಾರಿಗೆ ಹಾಕುವ ಮೊದಲು ಒಂದೂವರೆ ವೋಲ್ಟಿನ ಎರಡು ಸೆಲ್ ಸಾಲಾಗಿ ಜೋಡಿಸಿ, ಅಂದರೆ 3 ವೋಲ್ಟಿನಲ್ಲಿ, ಭಾರವಿಲ್ಲದೆ ಕೆಲವು ನಿಮಿಷ ತಿರುಗಲು ಬಿಡಿ. ಬ್ರಷ್ಷಿನ ತುದಿ ಕಮ್ಯುಟೇಟರಿನ ಗುಂಡಗಿನ ಆಕಾರಕ್ಕೆ ಸವೆದು ಕೂರುತ್ತದೆ, ಕಿಡಿ ಕಡಿಮೆಯಾಗುತ್ತದೆ. ಅಳಿಯ ಈ ಸಲ ಅಡುಗೆಮನೆಯ ಮೇಜಿನ ಮೇಲೆ ಹೊಸ ಮೋಟಾರನ್ನು ಹೀಗೆ ತಿರುಗಲು ಬಿಟ್ಟು, ಪಕ್ಕದಲ್ಲಿ ಟೇಪ್ ಕತ್ತರಿಸುತ್ತಾ ಕೂತಿದ್ದ. ಕಾರಿನಲ್ಲಿ 15 ಹಲ್ಲಿನ ಪಿನಿಯನ್ ಆಗಲೇ ಕೂತಿತ್ತು.